ಊರಿಗೆ ಹೊರಡುವ ಮುನ್ನ ನಾಯಿಗೊಂದು ನೆಲೆ

ಏಪ್ರಿಲ್ ಬಂತೆಂದರೆ ಗುಂಡ್ಲುಪೇಟೆಯ ಹೆದ್ದಾರಿಗೆ ಬಿಡುವಿಲ್ಲ. ಊಟಿಗೆ ಹೋಗುವ ಕಾರುಗಳು ಒಂದು ದಿಕ್ಕಿಗೆ, ವಯನಾಡಿಗೆ ಹೋಗುವವು ಇನ್ನೊಂದು ದಿಕ್ಕಿಗೆ ತಿರುಗಿಕೊಳ್ಳುತ್ತವೆ. ಈ ಜಿಲ್ಲೆಯವರೂ ರಜೆಯಲ್ಲಿ ಮನೆಯಲ್ಲಿ ಕೂರುವವರಲ್ಲ. ಚಾಮರಾಜನಗರದಿಂದಲೇ ಹೊರಡುವ ತಿರುಪತಿ ರೈಲು ಹತ್ತುವವರಿದ್ದಾರೆ, ಧರ್ಮಸ್ಥಳ, ಸುಬ್ರಹ್ಮಣ್ಯ ನೋಡಿ ಬರುವವರಿದ್ದಾರೆ. ಶಿವರಾತ್ರಿಗೆ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಮನೆಮಂದಿಯೆಲ್ಲ ಹೊರಡುವುದು ತಲೆಮಾರುಗಳಿಂದ ಬಂದ ರೂಢಿ. ಟಿಕೆಟ್ಟು, ರೂಮು, ಮಕ್ಕಳ ಬಟ್ಟೆ, ಅಜ್ಜಿಯ ಮಾತ್ರೆ ಎಲ್ಲಕ್ಕೂ ವಾರದ ಮುಂಚೆಯೇ ಏರ್ಪಾಡು ನಡೆಯುತ್ತದೆ. ನಾಯಿಯನ್ನು ಏನು ಮಾಡುವುದು ಎಂಬ ಪ್ರಶ್ನೆ ಮಾತ್ರ ಅನೇಕ ಮನೆಗಳಲ್ಲಿ ಹೊರಡುವ ಹಿಂದಿನ ರಾತ್ರಿ ಏಳುತ್ತದೆ.

ಹಿಂದೆ ಇದು ಪ್ರಶ್ನೆಯೇ ಆಗಿರಲಿಲ್ಲ. ‘ಒಸಿ ನಮ್ ನಾಯ್ಗೂ ಅನ್ನ ಹಾಕವ್ವ, ಮೂರ್ ದಿನಕ್ಕೆ ಬಂದ್ಬುಡ್ತೀವಿ’ ಎಂದು ಪಕ್ಕದ ಮನೆಯಾಕೆಗೆ ಹೇಳಿದರೆ ಮುಗಿಯುತ್ತಿತ್ತು. ನಾಯಿ ಬೀದಿಯಲ್ಲೇ ಬೆಳೆದದ್ದು, ನಾಲ್ಕು ಮನೆಯ ಮುದ್ದೆ ತಿಂದದ್ದು, ಊರಿಗೆಲ್ಲ ಗುರುತಿನದ್ದು. ಕೂಡು ಕುಟುಂಬದ ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಹೊಲದ ಮನೆಯಾದರೆ ಆಳುಮಗ ನೋಡಿಕೊಳ್ಳುತ್ತಿದ್ದ. ಈಗ ಬಡಾವಣೆಯ ಮನೆಗೆ ಎತ್ತರದ ಕಾಂಪೌಂಡು, ಬೀಗ ಹಾಕಿದ ಗೇಟು. ಒಳಗಿರುವುದು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಅಥವಾ ಪಗ್. ಅದು ಮನೆಯವರ ಕೈಯಲ್ಲಿ ಮಾತ್ರ ಉಂಡು ರೂಢಿಯಾದದ್ದು. ಪಕ್ಕದ ಮನೆಯವರನ್ನು ಕಂಡರೆ ಬೊಗಳುವ ನಾಯಿಗೆ ಅವರು ಗೇಟಿನ ಸಂದಿಯಲ್ಲಿ ತಟ್ಟೆ ತಳ್ಳಿ ಹೋಗಬಹುದೇ ಹೊರತು, ಅದು ತಿಂದಿತೋ ಇಲ್ಲವೋ, ನೀರು ಚೆಲ್ಲಿಕೊಂಡಿತೋ, ಕಾಯಿಲೆ ಬಿದ್ದಿತೋ ನೋಡಲಾರರು.

ನಾಯಿ ಸಾಕುವ ರೀತಿ ಬದಲಾಯಿತು, ಬಿಟ್ಟುಹೋಗುವ ರೀತಿ ಬದಲಾಗಲಿಲ್ಲ. ತೊಂದರೆಯ ಮೂಲ ಇಲ್ಲಿದೆ.

ಕಾಡಂಚಿನ ಊರಿನ ಲೆಕ್ಕ ಬೇರೆ

ಚಾಮರಾಜನಗರ ಜಿಲ್ಲೆಯಲ್ಲಿ ಈ ವಿಷಯಕ್ಕೆ ಇನ್ನೊಂದು ತೂಕವಿದೆ. ಒಂದು ಕಡೆ 1973ರಲ್ಲೇ ಹುಲಿ ಯೋಜನೆಗೆ ಸೇರಿದ ಬಂಡೀಪುರ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ, ಅದರಾಚೆ ಮಲೆ ಮಹದೇಶ್ವರ ವನ್ಯಧಾಮ. ಗುಂಡ್ಲುಪೇಟೆ ತಾಲ್ಲೂಕಿನ ಎಷ್ಟೋ ಹಳ್ಳಿಗಳ ಹೊಲದ ಬದುವಿನಾಚೆಗೆ ಕಾಡು ಶುರುವಾಗುತ್ತದೆ. ಅಲ್ಲಿ ಚಿರತೆ ಕತೆಯಲ್ಲಿ ಬರುವ ಪ್ರಾಣಿಯಲ್ಲ, ರಾತ್ರಿ ಕೊಟ್ಟಿಗೆಯ ಹಿಂದೆ ಸುಳಿಯುವ ಪ್ರಾಣಿ. ಮಹಾರಾಷ್ಟ್ರದ ಆಗಿನ ಅಹ್ಮದ್‌ನಗರ ಜಿಲ್ಲೆಯ ಅಕೋಲೆ ಸುತ್ತಮುತ್ತ, ಕಾಡಿಲ್ಲದ ಕೃಷಿ ಭೂಮಿಯಲ್ಲಿ ಬದುಕುವ ಚಿರತೆಗಳ ಹಿಕ್ಕೆಯನ್ನು ವಿಜ್ಞಾನಿಗಳು ಪರೀಕ್ಷಿಸಿದ್ದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅವುಗಳ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಯದೇ. ಕಾಡಂಚಿನಲ್ಲಿ ನಾಯಿ ಸಾಕಿದವರಿಗೆ ಇದು ಅಚ್ಚರಿಯ ಸುದ್ದಿಯೇನಲ್ಲ.

ಮನೆಯಲ್ಲಿ ಜನರಿದ್ದಾಗ ದೀಪ ಉರಿಯುತ್ತದೆ, ಮಾತು ಕೇಳಿಸುತ್ತದೆ, ನಾಯಿ ಬೊಗಳಿದರೆ ಯಾರೋ ಎದ್ದು ಬರುತ್ತಾರೆ. ಬೀಗ ಹಾಕಿದ ಮನೆಯ ಅಂಗಳದಲ್ಲಿ ಸರಪಳಿಗೆ ಕಟ್ಟಿದ ನಾಯಿಗೆ ಓಡಲೂ ಆಗದು, ಅವಿತುಕೊಳ್ಳಲೂ ಆಗದು. ಅದರ ಬೊಗಳುವಿಕೆಯೇ ಚಿರತೆಗೆ ದಾರಿ ತೋರಿಸುತ್ತದೆ. ನಾಯಿಯ ಜಾಡು ಹಿಡಿದು ಒಮ್ಮೆ ಬಂದ ಚಿರತೆ ಮತ್ತೆ ಬಂದರೆ ಆ ಅಪಾಯ ಇಡೀ ಬೀದಿಯದ್ದು.

ಕಟ್ಟದೆ ಬಿಟ್ಟುಹೋದರೆ ಅಪಾಯ ಇನ್ನೊಂದು ದಿಕ್ಕಿನಿಂದ. ಹಸಿದ ನಾಯಿ ಊರು ಸುತ್ತುತ್ತದೆ, ಕಾಡಿನ ಅಂಚಿಗೂ ಹೋಗುತ್ತದೆ. ಲಸಿಕೆ ಹಾಕಿಸದ ನಾಯಿ ಹೊತ್ತೊಯ್ಯುವ ಡಿಸ್ಟೆಂಪರ್ ಕಾಯಿಲೆ ಕಾಡುಪ್ರಾಣಿಗಳಿಗೆ ಎಂಥ ಮಾರಿ ಎಂಬುದಕ್ಕೆ ಸಾಕ್ಷ್ಯವಿದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸಿಂಹಗಳು ಈ ವೈರಾಣುವಿನಿಂದ ಸತ್ತವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದ ಒಂದೇ ವಲಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪರೀಕ್ಷೆಯಲ್ಲಿ ಇದೇ ವೈರಾಣು ಸಿಕ್ಕಿತು. ಬಂಡೀಪುರದ ಸೀಳುನಾಯಿಗಳು ನಮ್ಮ ಮನೆನಾಯಿಯ ಬಳಗದವೇ. ಮನೆನಾಯಿಯ ಕಾಯಿಲೆ ಅವಕ್ಕೂ ತಗಲುತ್ತದೆ. ಹುಲಿ, ಚಿರತೆಗಳಿಗೂ ತಗಲಬಲ್ಲದು.

ಕಾನೂನೂ ಈ ಬಗ್ಗೆ ಸುಮ್ಮನಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದುಹೋಗುವುದು, ಸಾಕಷ್ಟು ಅನ್ನ ನೀರು ನೆರಳು ಕೊಡದಿರುವುದು, ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು ಇವೆಲ್ಲ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ಸಲದ ದಂಡ ಇಂದಿಗೂ 10 ರೂಪಾಯಿಯಿಂದ 50 ರೂಪಾಯಿ. ದಂಡ ಕಡಿಮೆ ಎಂದ ಮಾತ್ರಕ್ಕೆ ತಪ್ಪು ಸಣ್ಣದಾಗುವುದಿಲ್ಲ.

ಬೋರ್ಡಿಂಗ್ ಆರಿಸುವಾಗ

ದೊಡ್ಡ ಊರುಗಳಲ್ಲಿ ಈ ಕೆಲಸಕ್ಕೆಂದೇ ಡಾಗ್ ಬೋರ್ಡಿಂಗ್‌ಗಳಿವೆ; ಕೆಲವರು ನಾಯಿ ಹಾಸ್ಟೆಲ್ ಎನ್ನುತ್ತಾರೆ. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರು ಸುಮಾರು 60 ಕಿಲೋಮೀಟರ್. ಅಲ್ಲಿಗೆ ಒಯ್ದು ಬಿಡುವವರು ಹೊರಡುವ ದಿನದ ಅವಸರದಲ್ಲಿ ಬಿಟ್ಟು ಓಡಬಾರದು. ಮುಂಚೆಯೇ ಒಂದು ದಿನ ಹೋಗಿ, ಮುಂದಿನ ಕೌಂಟರಿನಲ್ಲಿ ಮಾತಾಡಿ ಬರದೆ ಹಿಂದಿನ ಕೋಣೆಗಳನ್ನು ಕಣ್ಣಾರೆ ನೋಡಬೇಕು. ಒಳಗೆ ಬಿಡುವುದಿಲ್ಲ ಎನ್ನುವ ಜಾಗದಲ್ಲಿ ನಾಯಿ ಬಿಡಬೇಡಿ.

ನೋಡಬೇಕಾದದ್ದು ಇಷ್ಟು. ಒಂದೊಂದು ನಾಯಿಗೂ ಬೇರೆ ಗೂಡು ಇದೆಯೇ, ಅದರಲ್ಲಿ ಎದ್ದು ನಿಂತು ಸುತ್ತ ತಿರುಗಿ ಕಾಲು ಚಾಚಿ ಮಲಗಲು ಜಾಗವಿದೆಯೇ? ನೆಲಕ್ಕೆ ಇಳಿಜಾರು ಇದ್ದು ಉಚ್ಚೆ, ತೊಳೆದ ನೀರು ನಿಲ್ಲದೆ ಹರಿದುಹೋಗುತ್ತದೆಯೇ? ಮಲಗಲು ನೆಲದಿಂದ ಎತ್ತರದ ಹಲಗೆ ಇದೆಯೇ? ಗಾಳಿ ಆಡುತ್ತದೆಯೇ, ಮಧ್ಯಾಹ್ನದ ಬಿಸಿಲಿಗೆ ನೆರಳಿದೆಯೇ? ದಿನಕ್ಕೆ ಎಷ್ಟು ಸಲ ಹೊರಗೆ ಬಿಡುತ್ತಾರೆ, ಬಿಡುವ ಅಂಗಳಕ್ಕೆ ಭದ್ರವಾದ ಬೇಲಿ ಇದೆಯೇ? ರಾತ್ರಿ ಅಲ್ಲಿ ಮನುಷ್ಯರು ಮಲಗುತ್ತಾರೆಯೇ? ಅಪರಿಚಿತ ನಾಯಿಗಳನ್ನು ಒಟ್ಟಿಗೆ ಬಿಡುತ್ತಾರೆಯೇ?

ನೆಲವನ್ನು ಯಾವುದರಿಂದ ತೊಳೆಯುತ್ತೀರಿ ಎಂದು ಕೇಳುವುದನ್ನು ಮರೆಯಬೇಡಿ. ಪಾರ್ವೊ ಎಂಬ ರಕ್ತಭೇದಿಯ ವೈರಾಣು 1978ರಲ್ಲಿ ಮೊದಲು ಪತ್ತೆಯಾದದ್ದು. ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುವ ಇದು ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಬರಿಯ ಫಿನಾಯಿಲಿಗೆ ಇದು ಬಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣ ಬೇಕು. ಈ ಪ್ರಶ್ನೆಗೆ ಥಟ್ಟನೆ ಸರಿಯಾದ ಉತ್ತರ ಕೊಡುವವರಿಗೆ ಉಳಿದದ್ದೂ ಗೊತ್ತಿರುವ ಸಂಭವ ಹೆಚ್ಚು.

ಲಸಿಕೆ ಚೀಟಿ ಕೇಳದ ಬೋರ್ಡಿಂಗ್ ಒಳ್ಳೆಯದಲ್ಲ. ನಿಮ್ಮ ನಾಯಿಯ ಚೀಟಿ ಕೇಳಲಿಲ್ಲ ಎಂದರೆ ಪಕ್ಕದ ಗೂಡಿನ ನಾಯಿಯದನ್ನೂ ಕೇಳಿರುವುದಿಲ್ಲ. ಹುಚ್ಚುನಾಯಿ ರೋಗದ ಲಸಿಕೆ ಮತ್ತು ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಇತ್ಯಾದಿಗಳನ್ನು ತಡೆಯುವ ಸಂಯುಕ್ತ ಲಸಿಕೆ ಎರಡೂ ಅವಧಿ ಮೀರದಂತೆ ಇರಬೇಕು. ನಾಯಿಗಳು ಒತ್ತೊತ್ತಾಗಿರುವ ಕಡೆ ಬೇಗ ಹರಡುವ ಕೆನಲ್ ಕೆಮ್ಮಿಗೂ ಲಸಿಕೆ ಇದೆ. ಹೊರಡುವ ಹಿಂದಿನ ದಿನ ಚುಚ್ಚಿಸಿದರೆ ಪ್ರಯೋಜನವಿಲ್ಲ. ದೇಹದಲ್ಲಿ ರೋಗ ತಡೆಯುವ ಶಕ್ತಿ ಮೂಡಲು ಸುಮಾರು ಎರಡು ವಾರ ಬೇಕು. ಹುಳುವಿನ ಔಷಧಿಯೂ ಉಣ್ಣಿಯ ಔಷಧಿಯೂ ಜೊತೆಗೇ ಆಗಬೇಕು. ಉಣ್ಣಿಜ್ವರ ನಮ್ಮ ಕಡೆಯ ನಾಯಿಗಳನ್ನು ಸದ್ದಿಲ್ಲದೆ ಕೊಲ್ಲುವ ಕಾಯಿಲೆ. ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯನ್ನು ನಮ್ಮ ಜನ ದನದ ಆಸ್ಪತ್ರೆ ಎಂದೇ ಕರೆದರೂ ಅಲ್ಲಿನ ವೈದ್ಯರು ನಾಯಿಗಳನ್ನೂ ನೋಡುತ್ತಾರೆ. ಅವರನ್ನು ಮೊದಲೇ ಕಂಡು ಮಾತಾಡಿದರೆ ನಿಮ್ಮ ನಾಯಿ ಬೋರ್ಡಿಂಗಿಗೆ ತಕ್ಕದ್ದೋ ಅಲ್ಲವೋ ಎಂಬುದೂ ಗೊತ್ತಾಗುತ್ತದೆ. ಲಸಿಕೆ ಪೂರ್ತಿಯಾಗದ ಮರಿ, ಮುದಿ ನಾಯಿ, ಹೃದಯದ ತೊಂದರೆ ಇರುವ ನಾಯಿ, ಬೆದೆಗೆ ಬಂದ ಹೆಣ್ಣು ನಾಯಿ ಇವುಗಳಿಗೆ ಹತ್ತು ನಾಯಿಗಳ ನಡುವಿನ ವಾಸ ಒಗ್ಗುವುದಿಲ್ಲ. ಅವಕ್ಕೆ ಗುರುತಿನವರೊಬ್ಬರು ಮನೆಗೇ ಬಂದು ಉಳಿಯುವುದು ಉತ್ತಮ.

ಬಿಡುವ ಮುನ್ನ ಒಂದು ರಾತ್ರಿ ಪರೀಕ್ಷೆಗೆಂದು ಇರಿಸಿ ನೋಡಬೇಕು. ಮೊದಲ ದಿನ ಉಣ್ಣದೆ ಮೂಲೆ ಹಿಡಿಯುವ ನಾಯಿಗಳು ಬಹಳ. ಮನೆಯವರು ಉಟ್ಟು ಹಳತಾದ ಬಟ್ಟೆಯೊಂದನ್ನು ಜೊತೆಗಿಟ್ಟರೆ ಆ ವಾಸನೆ ಅದಕ್ಕೆ ಧೈರ್ಯ ಕೊಡುತ್ತದೆ. ಮನೆಯಲ್ಲಿ ಮುದ್ದೆ ಮಜ್ಜಿಗೆ ತಿನ್ನುವ ನಾಯಿಗೆ ಅಲ್ಲಿ ಏಕಾಏಕಿ ಪ್ಯಾಕೆಟ್ ಆಹಾರ ಹಾಕಿದರೆ ಹೊಟ್ಟೆ ಕೆಡುತ್ತದೆ. ಏನು ತಿನ್ನುತ್ತದೋ ಅದನ್ನೇ ಕೊಟ್ಟು ಕಳಿಸಿ, ಇಲ್ಲವೇ ಎರಡು ವಾರ ಮುಂಚಿನಿಂದ ಹೊಸ ಆಹಾರ ರೂಢಿ ಮಾಡಿಸಿ.

ನೆರೆಮನೆಯವರೇ ನೋಡಿಕೊಳ್ಳುವುದಾದರೆ

ಎಲ್ಲರಿಗೂ ಮೈಸೂರಿನ ಬೋರ್ಡಿಂಗ್ ಕೈಗೆಟುಕುವುದಿಲ್ಲ. ನಂಬಿಗಸ್ತರಾದ ನೆರೆಯವರು ಇದ್ದರೆ ಅದಕ್ಕಿಂತ ಒಳ್ಳೆಯ ಏರ್ಪಾಡೂ ಇಲ್ಲ. ಆದರೆ ಬಾಯಿಮಾತಿನಲ್ಲಿ ಒಪ್ಪಿಸಿ ಹೋಗುವ ಕಾಲ ಮುಗಿಯಿತು. ಹೊತ್ತು ಹೊತ್ತಿಗೆ ಏನು, ಎಷ್ಟು, ಯಾವ ಮಾತ್ರೆ, ಯಾವ ಡಾಕ್ಟರಿಗೆ ಫೋನು, ಆಸ್ಪತ್ರೆಗೆ ಒಯ್ಯಬೇಕಾದರೆ ಎಷ್ಟರವರೆಗೆ ಖರ್ಚು ಮಾಡಬಹುದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಏನು ಹಾಕಬಾರದು ಎಂಬುದನ್ನು ಇನ್ನೂ ದಪ್ಪ ಅಕ್ಷರದಲ್ಲಿ ಬರೆಯಬೇಕು. ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಈರುಳ್ಳಿ ಬೆಳೆಯುವ ಗುಂಡ್ಲುಪೇಟೆ ಸೀಮೆಯಲ್ಲಿ ಅದಿಲ್ಲದ ಸಾರು ಅಪರೂಪ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು. ಹಬ್ಬದ ಪಾಯಸವನ್ನು ಪ್ರೀತಿಯಿಂದ ಹಾಕಿ ನಾಯಿಯನ್ನು ಕಳೆದುಕೊಳ್ಳುವಂತಾಗಬಾರದು. ನೋಡಿಕೊಂಡವರ ಶ್ರಮಕ್ಕೆ ತಕ್ಕ ಹಣವನ್ನೂ ಸಂಕೋಚವಿಲ್ಲದೆ ಕೊಡಬೇಕು.

ಹೀಗೆ ಬರೆದಿಟ್ಟು, ಕೂಲಿ ಕೊಟ್ಟು, ಹೊಣೆ ಹೊರಿಸುವ ಕ್ರಮ ನಮ್ಮ ನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಸುಮಾರು ಕ್ರಿ.ಶ. 950ರ ಕಲ್ಲನ್ನು ನೋಡಿ. ಗಂಗರ ದೊರೆ ಬೂತುಗನಿಂದ ವೀರ ಮಣಲೆರ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಕಾಳಿಗಾಗಿ ಕಲ್ಲು ನಿಲ್ಲಿಸಿದವರು ಅಲ್ಲಿಗೆ ಬಿಡಲಿಲ್ಲ. ಪೂಜೆ ನಡೆಸುವವನಿಗೆ ಕೆರೆಯ ಕೆಳಗೆ ಭೂಮಿ ಬಿಟ್ಟರು, ಪೂಜಿಸದೆ ಉಂಡರೆ ಪಾಪ ತಗಲುವುದೆಂದು ಕಲ್ಲಿನಲ್ಲೇ ಬರೆಸಿದರು. ಸತ್ತ ನಾಯಿಯ ಸೇವೆಗೂ ಹೊಣೆಗಾರ ಯಾರು, ಅವನಿಗೆ ಸಲ್ಲುವುದೇನು ಎಂಬುದನ್ನು ಸ್ಪಷ್ಟಪಡಿಸಿದ ನೆಲ ಇದು. ಬದುಕಿರುವ ನಾಯಿಗೆ ನಾಲ್ಕು ದಿನದ ಮಟ್ಟಿಗಾದರೂ ಅಷ್ಟು ಖಚಿತವಾದ ಏರ್ಪಾಡು ಬೇಡವೇ?

ಜೊತೆಗೇ ಕರೆದೊಯ್ಯುವುದಾದರೆ

ಬಿಟ್ಟುಹೋಗಲು ಮನಸ್ಸಿಲ್ಲದವರು ಜೊತೆಗೆ ಕರೆದೊಯ್ಯುತ್ತಾರೆ. ಕೆಎಸ್‌ಆರ್‌ಟಿಸಿ 2022ರಲ್ಲಿ ನಿಯಮ ಸಡಿಲಿಸಿ, ಹವಾನಿಯಂತ್ರಿತವಲ್ಲದ ಬಸ್ಸುಗಳಲ್ಲಿ ಸಾಕುನಾಯಿಗೆ ಪೂರ್ತಿ ಟಿಕೆಟ್ಟಿನ ಬದಲು ಅರ್ಧ ಟಿಕೆಟ್ ಮಾಡಿತು. ರೈಲಿನಲ್ಲಾದರೆ ಮೊದಲ ದರ್ಜೆಯ ಇಡೀ ಕೂಪೆ ಕಾಯ್ದಿರಿಸಬೇಕು, ಇಲ್ಲವೇ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಗೆ ಹಾಕಬೇಕು. ಕತ್ತಲು, ಸದ್ದು, ಒಂಟಿತನ ತುಂಬಿದ ಆ ಪೆಟ್ಟಿಗೆಗಿಂತ ಊರಿನಲ್ಲಿ ಬಿಟ್ಟುಹೋಗುವುದೇ ದಯೆ. ಕಾರಿನಲ್ಲಿ ಬಂಡೀಪುರ ದಾಟುವವರಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ದಾರಿ ಮುಚ್ಚಿರುತ್ತದೆ ಎಂಬುದು ಗೊತ್ತೇ ಇದೆ. ಹಗಲಿನಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸಿ ನಾಯಿಯನ್ನು ಕೆಳಗಿಳಿಸುವಂತಿಲ್ಲ. ಬೇಸಿಗೆಯಲ್ಲಿ ಗಾಜು ಮುಚ್ಚಿದ ಕಾರಿನಲ್ಲಿ ನಾಯಿ ಬಿಟ್ಟು ಹೋಟೆಲಿಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಅದರ ಪ್ರಾಣಕ್ಕೆ ಸಂಚಕಾರ. ಮನುಷ್ಯರ ಹಾಗೆ ಮೈಯೆಲ್ಲ ಬೆವರಿ ತಣಿಯುವ ದೇಹ ಅದರದ್ದಲ್ಲ. ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಈ ಅಪಾಯ ಇನ್ನೂ ಹೆಚ್ಚು.

ದೀಪಾವಳಿಯಲ್ಲಿ ಊರಿಗೆ ಹೋಗುವವರು ಪಟಾಕಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸದ್ದಿಗೆ ಬೆದರಿದ ನಾಯಿ ಸರಪಳಿ ಕಿತ್ತುಕೊಂಡು, ಕಾಂಪೌಂಡು ಹಾರಿ ಓಡುತ್ತದೆ. ಕೊರಳಪಟ್ಟಿಯಲ್ಲಿ ಫೋನ್ ನಂಬರಿರುವ ಬಿಲ್ಲೆ ಇದ್ದರೆ ಅದು ಮರಳಿ ಸಿಗುವ ಅವಕಾಶವಾದರೂ ಇರುತ್ತದೆ.

ಮರಳಿದ ಮೇಲೂ ಎರಡು ವಾರ ಕಣ್ಣಿಟ್ಟಿರಬೇಕು. ಕೆಮ್ಮು, ವಾಂತಿ, ಭೇದಿ, ಜ್ವರ, ಊಟ ಬಿಡುವುದು ಇವುಗಳಲ್ಲಿ ಯಾವುದು ಕಂಡರೂ ಕಾಯದೆ ವೈದ್ಯರಿಗೆ ತೋರಿಸಿ. ಮನೆಬಾಗಿಲಿಗೆ ಬರುವ ಸರ್ಕಾರಿ ಪಶುವೈದ್ಯ ಸೇವೆಯ ಉಚಿತ ಸಹಾಯವಾಣಿ 1962.

ಚಾಮರಾಜನಗರ, ಗುಂಡ್ಲುಪೇಟೆಗಳಲ್ಲೇ ನಾಲ್ಕಾರು ನಾಯಿಗಳನ್ನು ಚೊಕ್ಕವಾಗಿ ನೋಡಿಕೊಳ್ಳುವ ಸಣ್ಣ ಬೋರ್ಡಿಂಗ್‌ಗಳು ಹುಟ್ಟಬೇಕು. ತೋಟದ ಮನೆಯಲ್ಲಿ ಜಾಗವಿರುವ, ಪ್ರಾಣಿಗಳ ಮೇಲೆ ಮಮತೆಯಿರುವ ಯುವಕ ಯುವತಿಯರಿಗೆ ಇದು ಮರ್ಯಾದೆಯ ದುಡಿಮೆ. ಲಸಿಕೆ ಚೀಟಿ ಇಲ್ಲದ ನಾಯಿಯನ್ನು ಸೇರಿಸದಿರುವ ಗಟ್ಟಿತನ, ಪಶುವೈದ್ಯರೊಬ್ಬರ ಒಡನಾಟ, ಚಿರತೆ ನುಗ್ಗದಂತೆ ಮೇಲೂ ಜಾಲರಿ ಹೊದಿಸಿದ ಗೂಡು ಇವಿಷ್ಟಿದ್ದರೆ ಆರಂಭಕ್ಕೆ ಸಾಕು. ಅಲ್ಲಿಯವರೆಗೆ ಹೊಣೆ ನಮ್ಮದೇ. ಈ ರಜೆಗೆ ಎಲ್ಲಿಗೇ ಹೊರಡಿ, ಮೊದಲು ನಾಯಿಗೆ ಜಾಗ ಗೊತ್ತುಮಾಡಿ, ಆಮೇಲೆ ನಿಮ್ಮ ಟಿಕೆಟ್ ತೆಗೆಸಿ. ಅದಕ್ಕೆ ಜಾಗ ಸಿಗಲಿಲ್ಲವೆಂದರೆ ಮನೆಯವರಲ್ಲಿ ಒಬ್ಬರು ಉಳಿಯಿರಿ, ಇಲ್ಲವೇ ಪ್ರವಾಸವನ್ನೇ ಮುಂದೂಡಿ. ನಾಯಿ ಸಾಕುತ್ತೇವೆಂದು ಮನೆಗೆ ತಂದ ದಿನವೇ ನಾವು ಒಪ್ಪಿಕೊಂಡ ಕರಾರು ಇದು.