ಲೆನಿನ್ ಸೆಂಟರ್‌ನಲ್ಲಿ ಆಲ್ಫೋರ್ಸ್ ಸಿಕ್ಕರೆ
ವಿಜಯವಾಡದ ಏಲೂರು ರಸ್ತೆ, ಲೆನಿನ್ ಸೆಂಟರ್. ಹಳೇ ಪುಸ್ತಕದ ಅಂಗಡಿಗಳು. ವಿಶಾಖಪಟ್ಟಣದ ಆಂಧ್ರ ವಿವಿಗೆ ಗಣಿತ ಎಂಎಸ್ಸಿ ಓದಲು ಹೊರಟವರೂ ಇಲ್ಲಿ ಇಳಿದು ನೋಡಬಹುದು. ಆ ವಿವಿ 1926ರಲ್ಲಿ ಶುರುವಾದದ್ದೇ ಈ ಊರಲ್ಲಿ!

ಗೈಡುಗಳ ರಾಶಿಯಲ್ಲಿ ‘ಕಾಂಪ್ಲೆಕ್ಸ್ ಅನಾಲಿಸಿಸ್’ ಕಂಡರೆ ಮೊದಲು ಲೇಖಕರ ಹೆಸರು ನೋಡಿ. ಲಾರ್ಸ್ ಆಲ್ಫೋರ್ಸ್ ಅಂತಿದ್ದರೆ ಕೈಗೆತ್ತಿಕೊಳ್ಳಿ. 1936ರಲ್ಲಿ ಮೊಟ್ಟಮೊದಲ ಫೀಲ್ಡ್ಸ್ ಪದಕ ಪಡೆದ ಇಬ್ಬರಲ್ಲಿ ಒಬ್ಬರು. ಪುಸ್ತಕ ಬಂದದ್ದು 1953ರಲ್ಲಿ, ಮೂರನೇ ಆವೃತ್ತಿ 1979ರಲ್ಲಿ. ಹಳೇದಾಯ್ತಲ್ಲ ಅಂತೀರಾ? ಕೋಶಿ ಪ್ರಮೇಯ ಅದಕ್ಕಿಂತ ಹಳೇದು ಸ್ವಾಮಿ.

ಈಗ ನಾಲ್ಕನೇ ಅಧ್ಯಾಯ ತೆರೆಯಿರಿ. ಕೋಶಿ ಪ್ರಮೇಯ, ರೆಸಿಡ್ಯೂ ಲೆಕ್ಕ ಎಲ್ಲ ಅಲ್ಲೇ. ಆ ಹಾಳೆಗಳು ಕಿತ್ತುಹೋಗಿದ್ದರೆ ವಾಪಸ್ ಇಡಿ. ಅಂಚಿನಲ್ಲಿ ಪೆನ್ಸಿಲ್ ಬರಹ ಇದೆಯಾ? ಲಾಭವೇ, ಅಭ್ಯಾಸಗಳಿಗೆ ಪುಸ್ತಕದಲ್ಲಿ ಉತ್ತರ ಕೊಟ್ಟಿಲ್ಲ. ಚೌಕಾಸಿ ಮಾಡಿ, ತಗೊಳ್ಳಿ.