ಮೊಬೈಲಿನಲ್ಲಿ ರೈತರ ಅನುಭವ ಕಥನ

ಕೇಳಿದ್ದಕ್ಕಿಂತ ಕಣ್ಣಾರೆ ಕಂಡದ್ದನ್ನು ರೈತರು ಬೇಗ ನಂಬುತ್ತಾರೆ. ಮಾಡಿ ತೋರಿಸುವವರೂ ರೈತರೇ ಆದರೆ ನಂಬಿಕೆ ಇನ್ನೂ ಹೆಚ್ಚು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಆರಂಭವಾದ ‘ಡಿಜಿಟಲ್ ಗ್ರೀನ್’ ಯೋಜನೆಯು ಇದೇ ತತ್ವವನ್ನು ಅನುಸರಿಸಿತು. ರೈತರೇ ಕಾಣಿಸಿಕೊಂಡ ಕಿರುಚಿತ್ರಗಳನ್ನು ಕರ್ನಾಟಕದ ಹಳ್ಳಿಗಳಲ್ಲಿ ತೋರಿಸಿ, ನಡುನಡುವೆ ನಿಲ್ಲಿಸಿ ಚರ್ಚೆ ನಡೆಸಲಾಯಿತು. ಆ ರೈತರು ಯಾವ ಊರಿನವರೆಂದು ನೋಡುಗರು ವಿಚಾರಿಸುತ್ತಿದ್ದರು.

ಇಂದು ಇಂತಹ ಚಿತ್ರವನ್ನು ಮೊಬೈಲಿನಲ್ಲಿಯೇ ತೆಗೆಯಬಹುದು. ಒಂದು ಚಿತ್ರಕ್ಕೆ ಒಂದೇ ವಿಷಯವಿರಲಿ. ಉದಾಹರಣೆಗೆ, ಅಜೋಲಾ ಬೆಳೆಸುವುದು. ಮೊದಲು ಹಸಿರು ಮೇವಿನ ಕೊರತೆಯನ್ನು ಹೇಳಬೇಕು. ನಂತರ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಜರಡಿ ಹಿಡಿದ ಮಣ್ಣು ಹರಡಿ, ಸಗಣಿ ಬಗ್ಗಡ ಮತ್ತು ನೀರು ತುಂಬುವುದನ್ನು ಹತ್ತಿರದಿಂದ ತೋರಿಸಬೇಕು. ಬಿರುಬಿಸಿಲಿಗೆ ಅಜೋಲಾ ಕೆಂಪಾಗಿ ಸೊರಗಿದ್ದರೆ ಅದನ್ನು ಮುಚ್ಚಿಡಬಾರದು. ನೆರಳು ಮಾಡಿ ಸರಿಪಡಿಸಿದ ಬಗೆಯೇ ಕಥೆಯ ಜೀವಾಳ. ಗಾಳಿಯ ಸದ್ದಿನಲ್ಲಿ ಮಾತು ಅಡಗದಂತೆ ಎಚ್ಚರ ವಹಿಸಬೇಕು.

ಚಿತ್ರದಲ್ಲಿ ಒಬ್ಬರು ತಪ್ಪು ಪ್ರಮಾಣ ಹೇಳಿದರೆ ನೂರಾರು ಜನ ನಷ್ಟಕ್ಕೀಡಾದಾರು. ಆದುದರಿಂದ ಹಂಚುವ ಮುನ್ನ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತೋರಿಸುವುದು ಅವಶ್ಯಕ. ಕೊನೆಯಲ್ಲಿ ಊರಿನ ಹೆಸರು ಹೇಳಲು ಮರೆಯದಿರಿ. ನೋಡಬಯಸುವ ರೈತ ಬಾಂಧವರು ಬಂದು ತಿಳಿದುಕೊಳ್ಳಲಿ.