ಅಣುತ್ಯಾಜ್ಯದಿಂದ ಅರಳಿದ ವಜ್ರದ ಬ್ಯಾಟರಿ

ಹರಪ್ಪದ ನಗರಗಳು ವೈಭವದಿಂದ ಮೆರೆಯುತ್ತಿದ್ದ ಕಾಲದಲ್ಲಿ ಯಾರಾದರೂ ಇಂಥದೊಂದು ಬ್ಯಾಟರಿ ಮಾಡಿಟ್ಟಿದ್ದರೆ, ಅದರ ಇಂಧನದ ಅರ್ಧಕ್ಕಿಂತ ಹೆಚ್ಚು ಭಾಗ ಇಂದಿಗೂ ಉಳಿದಿರುತ್ತಿತ್ತು! ಅತಿಶಯೋಕ್ತಿಯಲ್ಲ, ಶುದ್ಧ ಲೆಕ್ಕಾಚಾರ. ಇಂಗಾಲ-14ರ ಅರ್ಧಾಯುಷ್ಯ ಸುಮಾರು 5,700 ವರ್ಷ. ಈ ವಿಕಿರಣಶೀಲ ಇಂಗಾಲವನ್ನೇ ವಜ್ರವಾಗಿಸಿ ವಿದ್ಯುತ್ ಪಡೆಯುವ ಜಗತ್ತಿನ ಮೊತ್ತಮೊದಲ ಬ್ಯಾಟರಿ ಸಿದ್ಧವಾಗಿದೆ ಎಂದು ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯ ಹಾಗೂ ಆ ದೇಶದ ಅಣುಶಕ್ತಿ ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ಘೋಷಿಸಿದವು.

ಈ ವಜ್ರದ ಗಣಿ ಯಾವುದು ಗೊತ್ತೆ? ಯಾರಿಗೂ ಬೇಡವಾದ ಅಣುತ್ಯಾಜ್ಯ. ಬ್ರಿಟನ್ನಿನ ಹಳೆಯ ಪರಮಾಣು ಸ್ಥಾವರಗಳಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸಲು ಗ್ರಾಫೈಟಿನ ದಿಮ್ಮಿಗಳನ್ನು ಪೇರಿಸುತ್ತಿದ್ದರು. ರಿಯಾಕ್ಟರಿನ ಗರ್ಭದಲ್ಲಿ ದಶಕಗಟ್ಟಲೆ ನ್ಯೂಟ್ರಾನುಗಳ ಹೊಡೆತ ತಿಂದ ಈ ದಿಮ್ಮಿಗಳಲ್ಲಿ ಇಂಗಾಲ-14 ಹುಟ್ಟಿಕೊಂಡಿದೆ. ಇಂಥ ಗ್ರಾಫೈಟ್ ಅಲ್ಲಿ ಹೆಚ್ಚುಕಡಿಮೆ 95,000 ಟನ್ ಇದೆ. ಬ್ರಿಸ್ಟಲ್ಲಿನ ಸಂಶೋಧಕರು ಕಂಡುಕೊಂಡ ಮರ್ಮವೆಂದರೆ, ಇಂಗಾಲ-14 ಹೆಚ್ಚಾಗಿ ಸಂಗ್ರಹವಾಗುವುದು ದಿಮ್ಮಿಯ ಹೊರಮೈಯಲ್ಲಿ. ಕಾಯಿಸಿದರೆ ಅದರ ಬಹುಪಾಲು ಅನಿಲವಾಗಿ ಹೊರಬರುತ್ತದೆ. ಉಳಿದ ದಿಮ್ಮಿಯ ವಿಕಿರಣವೂ ತಗ್ಗಿ, ಅದನ್ನು ಕಾಪಿಡುವ ಹೊರೆ ಹಗುರಾಗುತ್ತದೆ. ಒಂದೇ ಕಲ್ಲಿಗೆ ಎರಡು ಹಣ್ಣು! ಆ ಅನಿಲವನ್ನು ಕಡಿಮೆ ಒತ್ತಡ, ಅಧಿಕ ಉಷ್ಣದಲ್ಲಿ ಪದರಪದರವಾಗಿ ವಜ್ರವಾಗಿ ಬೆಳೆಸಬಹುದು.

ವಜ್ರದೊಳಗಿನ ಇಂಗಾಲ-14 ಕ್ಷಯಿಸುತ್ತ ಹೋದಂತೆ ಎಲೆಕ್ಟ್ರಾನುಗಳು ಚಿಮ್ಮುತ್ತವೆ. ಅರೆವಾಹಕವಾದ ವಜ್ರ ಅವುಗಳ ಶಕ್ತಿಯನ್ನು ವಿದ್ಯುತ್ ಪ್ರವಾಹವನ್ನಾಗಿ ಮಾರ್ಪಡಿಸುತ್ತದೆ. ತಿರುಗುವ ಚಕ್ರವಿಲ್ಲ, ಹೊಗೆಯಿಲ್ಲ, ಚಾರ್ಜ್ ಮಾಡುವ ಗೊಡವೆಯಿಲ್ಲ. ಚಿಮ್ಮಿದ ಈ ಎಲೆಕ್ಟ್ರಾನುಗಳು ಬಹುದೂರ ಸಾಗಲಾರವು. ಹೊರಗಿನ ಸಾಧಾರಣ ವಜ್ರದ ಕವಚವೇ ಅವನ್ನು ನುಂಗಿಬಿಡುತ್ತದೆ.

ವಿಕಿರಣದಿಂದ ವಿದ್ಯುತ್ ಪಡೆಯುವ ಕನಸಿಗೆ ಶತಮಾನದ ಇತಿಹಾಸವಿದೆ. 1913ರಲ್ಲೇ ಆಂಗ್ಲ ವಿಜ್ಞಾನಿ ಹೆನ್ರಿ ಮೋಸ್ಲಿ ರೇಡಿಯಂನಿಂದ ಇದನ್ನು ಸಾಧಿಸಿ ತೋರಿಸಿದ್ದರು. 1970ರಲ್ಲಿ ಪ್ಯಾರಿಸ್ಸಿನಲ್ಲಿ ಪ್ಲುಟೋನಿಯಂ ಪೇಸ್‌ಮೇಕರ್ ಮನುಷ್ಯನ ಎದೆಯನ್ನೇ ಸೇರಿತು. 1977ರಲ್ಲಿ ಹೊರಟ ಅವಳಿ ವಾಯೇಜರ್ ನೌಕೆಗಳು ಸೌರಮಾರುತದ ಎಲ್ಲೆ ದಾಟಿಯೂ ಮಾತನಾಡುತ್ತಿರುವುದು ಪ್ಲುಟೋನಿಯಂ-238ರ ಶಾಖದ ಬಲದಿಂದ.

ಹೊಸ ಪ್ರಯೋಗಗಳೂ ನಿಂತಿಲ್ಲ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಗಾಮಾ ಕಿರಣ ತಾಗಿದರೆ ಹೊಳೆಯುವ ಹರಳಿಗೆ ಸೌರಕೋಶ ಜೋಡಿಸಿ, 2025ರಲ್ಲಿ ಫಲಿತಾಂಶ ಪ್ರಕಟಿಸಿತು. ಬಳಸಿದ ಅಣುಇಂಧನದಲ್ಲಿ ಹೇರಳವಾಗಿರುವ ಸೀಸಿಯಂ-137ರಿಂದ ಅವರಿಗೆ ದಕ್ಕಿದ್ದು 288 ನ್ಯಾನೊವ್ಯಾಟ್.

ಅತ್ಯಲ್ಪವೇ? ಹೌದು. ವಜ್ರದ ಬ್ಯಾಟರಿಯ ಮಿತಿಯೂ ಅದೇ. ಒಂದು ಗ್ರಾಂ ಇಂಗಾಲ-14 ದಿನಕ್ಕೆ ಕೊಡುವುದು ಬರೀ 15 ಜೂಲ್ ಎಂದು ಬ್ರಿಸ್ಟಲ್ ತಂಡವೇ ಅಂದಾಜಿಸಿದೆ. ಗಡಿಯಾರಕ್ಕೆ ಹಾಕುವ ಮಾಮೂಲಿ ಸೆಲ್ಲಿನಲ್ಲಿರುವ ಸುಮಾರು 14,000 ಜೂಲ್ ಸರಿಗಟ್ಟಲು ಅದಕ್ಕೆ ಎರಡೂವರೆ ವರ್ಷ ಬೇಕು. ಆದರೆ ಸೆಲ್ಲು ಅಲ್ಲಿಗೆ ಮುಗಿಯುತ್ತದೆ, ವಜ್ರ ಮುಗಿಯುವುದಿಲ್ಲ. ಪದೇ ಪದೇ ಶಸ್ತ್ರಚಿಕಿತ್ಸೆ ಮಾಡಿ ಬ್ಯಾಟರಿ ಬದಲಿಸಬೇಕಾದ ಪೇಸ್‌ಮೇಕರ್, ಶ್ರವಣ ಸಾಧನ, ರಿಪೇರಿಗೆ ಯಾರೂ ತಲುಪಲಾರದ ಅಂತರಿಕ್ಷದ ಉಪಕರಣ ಇವೇ ಇದರ ನಿಜವಾದ ನೆಲೆ. ಇದರಿಂದ ಮೊಬೈಲ್ ನಡೆಯುತ್ತದೆ, ಕಾರು ಓಡುತ್ತದೆ ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ನಂಬಬೇಕಾಗಿಲ್ಲ.